ಸೇತುವೆ ಕಟ್ಟಿದವನು, ಈಜು ಕಲಿಸಿದವಳು

ಧಡಾರ್ ಎಂದು ನೀರು ಹಾರಿದ ಸದ್ದಿಗೆ ಬರ್ನಡೆಟ್ ತಿರುಗಿ ನೋಡಿದಳು.

ಈಜುಕೊಳದ ಆಳದ ಕಡೆ, ಯಾರೂ ಇರಬಾರದಿದ್ದ ಜಾಗದಲ್ಲಿ, ಎರಡು ಕೈಗಳು ಮೇಲೆದ್ದವು... ಮುಳುಗಿದವು. ಮತ್ತೆ ಎದ್ದವು. ಈ ಸಲ ಬರೀ ಬೆರಳುಗಳು!

‘ಅಯ್ಯೋ ದೇವರೇ!’

ಕೊರಳಿನ ಸೀಟಿ, ಕೈಲಿದ್ದ ಟವೆಲ್ ಎಲ್ಲವನ್ನೂ ಬಿಸಾಕಿ ಅವಳು ನೀರಿಗೆ ಹಾರಿದಳು. ಮುಳುಗುವವನು ಹುಲ್ಲುಕಡ್ಡಿ ಸಿಕ್ಕರೂ ಬಿಡುವುದಿಲ್ಲ. ಅವನಿಗೆ ಸಿಕ್ಕಿದ್ದು ಬರ್ನಡೆಟ್‌ಳ ಕುತ್ತಿಗೆ! ಬಾಚಿ ತಬ್ಬಿಕೊಂಡ. ಅವಳು ಅವನ ಮೊಣಕೈಯನ್ನು ತಿರುಚಿ, ಹಿಂದಿನಿಂದ ಗದ್ದ ಹಿಡಿದು, ದಡದವರೆಗೆ ಎಳೆದು ತಂದಳು.

"ಆಳ ಅಂತ ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದೆ! ಓದೋಕೆ ಬರಲ್ವಾ ನಿಮಗೆ?"

ಅಂಚಿನ ಹಾಸುಗಲ್ಲಿನ ಮೇಲೆ ಬೋರಲು ಬಿದ್ದು ಕೆಮ್ಮುತ್ತಿದ್ದ ಆ ಮನುಷ್ಯ ಉಸಿರು ಸಿಕ್ಕಿದ ಮೇಲೆ ನಿಧಾನವಾಗಿ ಹೇಳಿದ.

"ಓದಿದೆ... ಯಾವ ಕೆಲಸ ಆದ್ರೂ ಕಷ್ಟದ ಕಡೆಯಿಂದ ಶುರು ಮಾಡೋದು ನನ್ನ ಅಭ್ಯಾಸ."

"ಇಲ್ಲಿ ಆ ಅಭ್ಯಾಸ ಇಟ್ಕೊಂಡ್ರೆ ಹೆಣ ಆಗ್ತೀರಿ ಅಷ್ಟೇ! ಹೊಸಬರ ಕ್ಲಾಸು ಆ ಕಡೆ. ಸೊಂಟದ ಮಟ್ಟದ ನೀರು. ಅಜ್ಜಿಯಂದಿರ ಜೊತೆ."

"ಯಾರನ್ನೇ ಅಜ್ಜಿ ಅಂದಿದ್ದು?" ಆಳವಿಲ್ಲದ ಕಡೆಯಿಂದ ಎಪ್ಪತ್ತು ದಾಟಿದ ಇರ್ಮಾ ಪಲೂಂಬೊ ಕೂಗಿದಳು. "ನೋಡು ಬರ್ನಿ, ಅವನನ್ನ ನನ್ನ ಪಕ್ಕ ನಿಲ್ಸು. ಮುಳುಗಿದ್ರೆ ನಾನೇ ತಬ್ಬಿ ಹಿಡ್ಕೋತೀನಿ!"

ಕ್ಲಾಸಿನವರೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ. ನಗುವುದು ಮರೆತುಹೋದವನು ಮತ್ತೆ ಕಲಿಯುತ್ತಿರುವಂತೆ, ಒಂದು ಕಡೆಯಿಂದ ಶುರುವಾಗಿ ತಡವಾಗಿ ಮುಖಕ್ಕೆಲ್ಲ ಹರಡಿದ ನಗು.

ಬರ್ನಡೆಟ್ ಅವನ ನಾಡಿ ನೋಡಲು ಮಣಿಕಟ್ಟು ಹಿಡಿದಳು. ನೋಡಿ ಮುಗಿದ ಮೇಲೆ ಬಿಡಲು ಹೋದರೆ ಅವನ ಬೆರಳುಗಳು ಅವಳ ಕೈಯನ್ನು ಬಿಡಲಿಲ್ಲ.

"ಕ್ಷಮಿಸಿ... ಇನ್ನೊಂದು ನಿಮಿಷ," ಎಂದ.

ಕೈ ಕಿತ್ತುಕೊಳ್ಳಬೇಕೆಂದುಕೊಂಡಳು. ಯಾಕೋ ಆಗಲಿಲ್ಲ...

* * *

ಅವನ ಹೆಸರು ಕಾನ್ರಾಡ್ ವೀಲರ್. ವಯಸ್ಸು ಐವತ್ತೊಂದು. ಪಿಟ್ಸ್‌ಬರ್ಗಿನ ದೊಡ್ಡ ಇಂಜಿನಿಯರಿಂಗ್ ಕಂಪನಿಯೊಂದರಲ್ಲಿ ಉಪಾಧ್ಯಕ್ಷ. ಮೂರು ನದಿಗಳು ಕೂಡುವ ಆ ಊರಿನಲ್ಲಿ ಸೇತುವೆ ದಾಟದೆ ಹಾಲು ತರಲೂ ಆಗುವುದಿಲ್ಲ. ಅಂಥ ಊರಲ್ಲಿ ಸೇತುವೆ ಕಟ್ಟಿ ಹೆಸರು ಮಾಡಿದವನು. ನದಿ ನೋಡುವ ಮನೆ, ಗೋಡೆಯ ತುಂಬ ಪ್ರಶಸ್ತಿ, ಜಗಳವೂ ಇಲ್ಲದೆ ಮುಗಿದುಹೋದ ಒಂದು ಮದುವೆ. ಮಕ್ಕಳಿಲ್ಲ.

ಇದೆಲ್ಲ ಬರ್ನಡೆಟ್‌ಗೆ ತಿಳಿದದ್ದು ಇರ್ಮಾಳಿಂದ. ಆ ಮುದುಕಿ ಯಾರ ಜಾತಕವನ್ನಾದರೂ ಅರ್ಧ ಗಂಟೆಯಲ್ಲಿ ಬಿಡಿಸಬಲ್ಲಳು.

ಬರ್ನಡೆಟ್ ಕೊವಾಲ್ಚಿಕ್‌ಗೆ ನಲವತ್ತಾರು. ಹಗಲು ಶಾಲೆಯಲ್ಲಿ ವ್ಯಾಯಾಮದ ಟೀಚರ್, ವಾರಕ್ಕೆ ಎರಡು ಸಂಜೆ ದೊಡ್ಡವರಿಗೆ ಈಜು ಕಲಿಸುವ ಕೆಲಸ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು ಟೆಸ್ಸಾ. ಗಂಡ ಡೇಲ್ ಇದ್ದ... ಒಂದು ಕಾಲದಲ್ಲಿ.

ಒಳ್ಳೆಯ ದಂತವೈದ್ಯ ಡೇಲ್. ಕೈತುಂಬ ಸಂಪಾದನೆ. ಒಂದು ದಿನ ಬೆಳಗಿನ ತಿಂಡಿಗೆ ಕೂತವನು ಚಮಚ ಕೆಳಗಿಟ್ಟು, ‘ನಂಗಿಲ್ಲಿ ಉಸಿರು ಕಟ್ತಾ ಇದೆ ಬರ್ನಿ’ ಅಂದಿದ್ದ. ಚಳಿಗಾಲ ಬರುವಷ್ಟರಲ್ಲಿ ತನ್ನ ಕ್ಲಿನಿಕ್ ಮಾರಿ, ದೋಣಿ ಕೊಂಡು ಫ್ಲೋರಿಡಾ ಸೇರಿದ್ದ. ಆಗ ಟೆಸ್ಸಾಗೆ ಹತ್ತು ವರ್ಷ. ಅಪ್ಪ ಬರುತ್ತಾನೆಂದು ಆ ಹುಡುಗಿ ಎಷ್ಟೋ ಭಾನುವಾರ ಕಿಟಕಿಯ ಬಳಿ ಕೂತಿದ್ದಳು.

ಆದ್ದರಿಂದ ನಡುವಯಸ್ಸಿನಲ್ಲಿ ಹೊಸದೇನಾದರೂ ಕಲಿಯಲು ಹೊರಟ ಗಂಡಸರನ್ನು ಕಂಡರೆ ಬರ್ನಡೆಟ್‌ಗೆ ಒಳಗೊಳಗೇ ಭಯ. ‘ಇವತ್ತು ಈಜು. ನಾಳೆ ದೋಣಿ!’

"ಈ ವಯಸ್ಸಲ್ಲಿ ಯಾಕೆ ಕಲೀಬೇಕು ಅನ್ನಿಸ್ತು?" ಎರಡನೇ ವಾರ ಸ್ವಲ್ಪ ಒರಟಾಗಿಯೇ ಕೇಳಿದಳು.

ಕಾನ್ರಾಡ್ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಯೋಚಿಸಿದ.

"ಇಷ್ಟು ವರ್ಷ ನದಿ ಮೇಲೇ ಕೆಲಸ ಮಾಡಿದ್ದೀನಿ. ಒಂದು ದಿನಾನೂ ನೀರಿಗೆ ಇಳಿದಿಲ್ಲ. ಮತ್ತೆ... ನನಗೇನೋ ಒಂದು ಬರಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಒಂದು ಜಾಗ ಬೇಕಿತ್ತು. ಆಫೀಸಲ್ಲಿ ನಾನು ಹಾಗೆ ಹೇಳೋ ಹಾಗಿಲ್ಲ."

ಅವಳು ತೇಲುಹಲಗೆಯೊಂದನ್ನು ಅವನತ್ತ ತಳ್ಳಿದಳು.

* * *

ತೇಲುವುದನ್ನು ಕಲಿಸುವ ದಿನ ಬಂತು.

"ಹಿಂದಕ್ಕೆ ಒರಗಿ. ನನ್ನ ಕೈ ನಿಮ್ಮ ತಲೆ ಕೆಳಗೇ ಇದೆ."

ಕಾನ್ರಾಡ್ ಒರಗಿದ. ಹಲಗೆಯಂತೆ ಬಿಗಿದುಕೊಂಡ. ಮುಳುಗಿದ! ಮತ್ತೊಮ್ಮೆ ಒರಗಿದ, ಮತ್ತೆ ಮುಳುಗಿದ. ಪಕ್ಕದಲ್ಲಿ ಇರ್ಮಾ ತಾವರೆ ಎಲೆಯ ಹಾಗೆ ಹಾಯಾಗಿ ತೇಲುತ್ತಿದ್ದಳು.

"ಏನಪ್ಪಾ ಇಂಜಿನಿಯರ್! ಅಷ್ಟು ದೊಡ್ಡ ಕಬ್ಬಿಣ ನಿಲ್ಲಿಸ್ತೀಯ, ನಿನ್ನ ಮೈ ನಿಲ್ಸೋಕೆ ಆಗಲ್ವಾ?"

"ಕಬ್ಬಿಣ ಹೇಳಿದ ಮಾತು ಕೇಳುತ್ತೆ ಇರ್ಮಾ!"

ಬರ್ನಡೆಟ್ ನಗು ತಡೆದುಕೊಂಡು ಅವನ ಕಿವಿಯ ಬಳಿ ಬಾಗಿದಳು.

"ಬಿಡಿ."

"ಏನು ಬಿಡಲಿ?"

"ಕತ್ತು. ಅದನ್ನ ನೀವೇ ಹೊತ್ಕೊಂಡಿದ್ದೀರಿ. ನೀರು ಹೊರುತ್ತೆ... ಕೊಟ್ಟುಬಿಡಿ."

ಅವನು ಕಣ್ಣು ಮುಚ್ಚಿದ. ಅವಳ ಅಂಗೈಯಲ್ಲಿ ಅವನ ತಲೆ ಮೊದಲು ಕಲ್ಲಿನಂತಿತ್ತು. ಮೆಲ್ಲಗೆ ಭಾರ ಬಿಟ್ಟುಕೊಟ್ಟಿತು. ಮೈ ಸಡಿಲವಾಯಿತು. ಕಾಲ್ಬೆರಳುಗಳು ನೀರಿನಿಂದ ಮೇಲೆದ್ದವು.

ತೇಲುತ್ತಿದ್ದ!

ಆಗ ಬರ್ನಡೆಟ್ ಕಂಡಳು. ಅವನ ಮುಚ್ಚಿದ ಕಣ್ಣಂಚಿನಿಂದ ನೀರು ಹರಿದು ಕಿವಿಯತ್ತ ಇಳಿಯುತ್ತಿತ್ತು. ಅದು ಕೊಳದ ನೀರಲ್ಲ. ಅವಳು ಏನೂ ಕೇಳದೆ, ಬೇರೆಯವರಿಗೆ ಕಾಣದಂತೆ ಅಡ್ಡ ನಿಂತಳು.

ಕ್ಲಾಸು ಮುಗಿದ ಮೇಲೆ ಹೊರಗಿನ ಮೊಗಸಾಲೆಯಲ್ಲಿ ಅವನು ಯಂತ್ರದಿಂದ ಎರಡು ಕಾಗದದ ಲೋಟ ಕಾಫಿ ತಂದ. ಬಾಯಿಗಿಡಲಾಗದ ಕಾಫಿ. ಇಬ್ಬರೂ ಕುಡಿದರು.

"ಬೆಳಿಗ್ಗೆ ಆಫೀಸಿನ ಕೆಳಗೆ ಕಾರು ನಿಲ್ಲಿಸ್ತೀನಿ," ಕಾನ್ರಾಡ್ ಲೋಟ ನೋಡುತ್ತ ಹೇಳಿದ. "ಇಂಜಿನ್ ಆರಿಸ್ತೀನಿ. ಆಮೇಲೆ ಇಳಿಯೋಕೆ ಆಗಲ್ಲ. ಸುಮ್ನೆ ಕೂತಿರ್ತೀನಿ. ಮೇಲೆ ಹೋದ್ರೆ ಮೀಟಿಂಗು. ಅದು ಮುಗಿದ್ರೆ, ಮುಂದಿನ ಮೀಟಿಂಗ್ ಬಗ್ಗೆ ಮೀಟಿಂಗು. ನಾನು ನನ್ನ ಕೈಯಾರೆ ಒಂದು ಗೆರೆ ಎಳೆದು ಎಷ್ಟು ವರ್ಷ ಆಯ್ತೋ..."

"ಯಾರಿಗಾದ್ರೂ ಹೇಳಿದ್ದೀರಾ?"

"ಏನಂತ ಹೇಳಲಿ? ಮನೆ ಇದೆ, ಹೆಸರು ಇದೆ. ಕೆಲಸ ಇಲ್ಲದೆ ಒದ್ದಾಡೋರು ಎಷ್ಟು ಜನ ಇದ್ದಾರೆ! ಇದು ಹೊಟ್ಟೆ ತುಂಬಿದವನ ಹಸಿವು ಬರ್ನಡೆಟ್. ಬಾಯಿ ಬಿಟ್ರೆ ಜನ ನಗ್ತಾರೆ."

ಅವಳು ನಗಲಿಲ್ಲ.

"ಹಸಿವು ಹಸಿವೇ," ಎಂದಳು. ಆಡಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಇದೇ ಮಾತನ್ನು ಡೇಲ್‌ಗೆ ಹೇಳಿದ್ದಳೇ ತಾನು? ಇಲ್ಲ. ಡೇಲ್ ಅದಕ್ಕೆ ಸಮಯವನ್ನೇ ಕೊಟ್ಟಿರಲಿಲ್ಲ. ಅವನು ಹಸಿವಾಯಿತೆಂದು ಹೇಳಿದ ದಿನವೇ ಎಲೆ ಬಿಟ್ಟು ಎದ್ದಿದ್ದ.

ಕಾನ್ರಾಡ್ ಅವಳನ್ನೇ ನೋಡುತ್ತಿದ್ದ. "ನಿಮ್ಮನ್ನ ಬರ್ನಿ ಅಂತ ಕರೀಬಹುದಾ?"

"ಇರ್ಮಾ ಕರೀತಾಳೆ, ಮಗಳು ಕೋಪ ಬಂದಾಗ ಕರೀತಾಳೆ..." ಅವಳು ಖಾಲಿ ಲೋಟವನ್ನು ಹಿಚುಕಿದಳು. "ಕರೀರಿ."

ಆ ಚಳಿಗಾಲ ಹೇಗೆ ಕಳೆಯಿತೋ! ಹಿಮ ಬಿದ್ದು ರಸ್ತೆ ಕಟ್ಟಿದ ದಿನವೂ ಅವನು ಕ್ಲಾಸಿಗೆ ತಪ್ಪಿಸಲಿಲ್ಲ. ನಾಯಿಯ ಹಾಗೆ ಕೈಕಾಲು ಬಡಿಯುತ್ತ ಕೊಳದ ಅಗಲ ದಾಟಿದ ಸಂಜೆ ಇರ್ಮಾ ಶಿಳ್ಳೆ ಹೊಡೆದಳು. ಕಾಫಿಯ ಲೋಟಗಳು ರಾತ್ರಿಯೂಟಕ್ಕೆ ತಿರುಗಿದವು. ‘ನೀವು’ ಯಾವಾಗ ‘ನೀನು’ ಆಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಒಂದು ಸಂಜೆ ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದವಳ ತಣ್ಣನೆಯ ಕೈಗಳನ್ನು ಅವನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡ. ಅವಳು ಮುಖವೆತ್ತಿದಳು. ಮುತ್ತು ಕೊಟ್ಟದ್ದು ಯಾರು ಮೊದಲು? ಆ ಬಗ್ಗೆ ಇವತ್ತಿಗೂ ಅವರಲ್ಲಿ ಒಮ್ಮತವಿಲ್ಲ.

‘ಬೇಡ ಬರ್ನಿ... ಹುಷಾರು...’ ಎಂದು ಒಳಗಿನ ದನಿಯೊಂದು ಹೇಳುತ್ತಲೇ ಇತ್ತು. ಅವಳು ಮೊದಲ ಬಾರಿಗೆ ಅದರ ಬಾಯಿ ಮುಚ್ಚಿಸಿದಳು.

* * *

ಈಸ್ಟರಿಗೆ ಮುಂಚಿನ, ಮಾಂಸ ಬಿಡುವ ಉಪವಾಸದ ಶುಕ್ರವಾರ. ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ. ಇಡೀ ಮೊಹಲ್ಲವೇ ಉದ್ದನೆಯ ಮೇಜುಗಳಿಗೆ ಮುಗಿಬಿದ್ದಿತ್ತು. ಕರಿದ ಮೀನಿನ ಘಮ, ಬೆಣ್ಣೆಯಲ್ಲಿ ಬಾಡಿಸಿದ ಎಲೆಕೋಸು, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳ ರಾಶಿ. ಬರ್ನಡೆಟ್ ಅವನನ್ನು ತನ್ನವರ ನಡುವೆ ಕರೆತಂದದ್ದು ಅದೇ ಮೊದಲು. ಅವಳಿಗೆ ಹದಿನಾರರ ಹುಡುಗಿಯ ಸಂಭ್ರಮ!

"ಇನ್ನೆರಡು ಹಾಕಿಸ್ಕೋ. ನಮ್ಮಜ್ಜಿ ಇದ್ದಿದ್ರೆ ಇಷ್ಟು ಕಮ್ಮಿ ತಿನ್ನೋನಿಗೆ ಹೆಣ್ಣು ಕೊಡ್ತಿರಲಿಲ್ಲ," ಎಂದಳು.

"ಹಾಗಾದ್ರೆ ನಾಲ್ಕು ಹಾಕಿಸ್ಕೋತೀನಿ," ಎಂದ ಕಾನ್ರಾಡ್. ಬರ್ನಡೆಟ್‌ಳ ಕೆನ್ನೆ ಕೆಂಪಾಯಿತು.

ಅಷ್ಟರಲ್ಲಿ ತಟ್ಟೆ ಹಿಡಿದು ಬಂದ ಹೆಂಗಸೊಬ್ಬಳು ಅವರ ಮೇಜಿನ ಮುಂದೆ ನಿಂತಳು. ಕಾನ್ರಾಡನ ಕಂಪನಿಯ ಆಡಳಿತ ಮಂಡಳಿಯ ಗ್ರೆಚೆನ್.

"ಓಹೋ ಕಾನ್ರಾಡ್!" ಅವಳ ಕಣ್ಣು ಬರ್ನಡೆಟ್‌ಳ ಮೇಲೆ ಆಡಿತು. "ಆ ಈಜಿನ ಟೀಚರ್ ನೀವೇನಾ? ಸರಿ ಬಿಡಿ, ಈಗ ಅರ್ಥ ಆಯ್ತು! ಮೊನ್ನೆ ಇವರು ಅಧ್ಯಕ್ಷ ಸ್ಥಾನ ಬೇಡ, ಈಗಿರೋ ಕುರ್ಚಿನೂ ಬೇಡ ಅಂದಾಗ ನಮಗೆಲ್ಲ ತಲೆಕೆಟ್ಟಿತ್ತು. ಯಾವ ಗಾಳಿ ಸೋಕ್ತಪ್ಪ ಈ ಮನುಷ್ಯನಿಗೆ ಅಂತ!"

ನಗುತ್ತ ಮುಂದೆ ಹೋದಳು.

ಬರ್ನಡೆಟ್ ಕೈಯಲ್ಲಿದ್ದ ಫೋರ್ಕನ್ನು ಮೆಲ್ಲಗೆ ಕೆಳಗಿಟ್ಟಳು. ಸುತ್ತಲಿನ ಗದ್ದಲವೆಲ್ಲ ಎಲ್ಲೋ ದೂರ ಸರಿದಂತಾಯಿತು.

"ಕೆಲಸ ಬಿಟ್ಟೆಯಾ?"

"ಬರ್ನಿ, ಊಟ ಆದ್ಮೇಲೆ ಹೇಳೋಣ ಅಂತ..."

"ಊಟ ಆದ್ಮೇಲೆ? ಕೊನೇಲಿ ಕೇಕ್ ಜೊತೆಗಾ?"

ಕೋಟು ಎತ್ತಿಕೊಂಡು ಮೆಟ್ಟಿಲೇರಿದಳು. ಅವನು ಹಿಂದೆಯೇ ಓಡಿದ. ಹೊರಗೆ ಕಾರುಗಳ ನಡುವೆ ಸಂಜೆಯ ಗಾಳಿ ಕೊರೆಯುತ್ತಿತ್ತು.

"ಕೇಳು ಬರ್ನಿ! ನೀನು ಅಂದುಕೊಂಡ ಹಾಗಲ್ಲ. ನಾನು ಎಲ್ಲಾ ಬಿಟ್ಟು..."

"ಎಷ್ಟು ದಿನದಿಂದ ಯೋಚಿಸ್ತಿದ್ದೆ? ಒಂದು ಮಾತು ನನಗೆ ಹೇಳೋಕೆ ಆಗಲಿಲ್ವಾ?"

"ಹೆದರಿದ್ದೆ. ಆದ್ರೆ ನೀನೇ ನನಗೆ ಧೈರ್ಯ ಕೊಟ್ಟೆ ಬರ್ನಿ! ನಿನ್ನಿಂದಲೇ ಆಯ್ತು ಇದು. ನೀನು ಇಲ್ಲದೇ ಇದ್ದಿದ್ರೆ..."

ಪ್ರೀತಿಯಿಂದ ಆಡಿದ ಮಾತು. ಅವಳ ಎದೆಗೆ ಅದು ಚೂರಿಯಂತೆ ನಾಟಿತು.

"ಸಾಕು!" ಅವಳ ಕಣ್ಣು ತುಂಬಿತು. "ನಾಳೆ ಈ ಹೊಸ ಬದುಕೂ ಬೇಜಾರಾಗುತ್ತೆ ನಿನಗೆ. ಆಗ ತಪ್ಪು ಯಾರದು? ನನ್ನದು! ಏಳೋಕೆ ನಾನೇ ಕಾರಣ, ಬೀಳೋಕೂ ನಾನೇ ಕಾರಣ. ನನ್ನ ಗಂಡನಿಗೆ ಒಂದು ದೋಣಿ ಸಿಕ್ಕಿತ್ತು. ನಿನಗೆ ನಾನು ಸಿಕ್ಕಿದೆ. ನಾನು ಯಾರ ದೋಣಿನೂ ಆಗಲ್ಲ ಕಾನ್ರಾಡ್!"

"ಬರ್ನಿ..."

"ಬರ್ನಡೆಟ್ ಅನ್ನಿ."

ಆ ‘ಅನ್ನಿ’ ಎಂಬ ಒಂದು ಮಾತಿಗೆ ಅವನು ನಿಂತಲ್ಲೇ ನಿಂತ. ಕಾರು ಹೊರಟುಹೋಯಿತು.

* * *

ಬರ್ನಡೆಟ್ ಸಂಜೆಯ ಕ್ಲಾಸನ್ನು ಇನ್ನೊಬ್ಬ ಟೀಚರಿಗೆ ಬಿಟ್ಟುಕೊಟ್ಟು ಶನಿವಾರ ಬೆಳಗಿನ ಮಕ್ಕಳ ಕ್ಲಾಸಿಗೆ ಬದಲಾಯಿಸಿಕೊಂಡಳು. ಅವನ ಫೋನು ಎತ್ತಲಿಲ್ಲ. ಕೆಲವು ದಿನ ಬಂದ ಕರೆ ಆಮೇಲೆ ನಿಂತಿತು. ನಿಂತದ್ದಕ್ಕೂ ಅವಳು ಅತ್ತಳು!

‘ನೋಡಿದೆಯಾ? ಇಷ್ಟೇ ಅವನು. ಈಗ ಎಲ್ಲಿದ್ದಾನೋ... ಯಾವ ಸಮುದ್ರದ ದಡದಲ್ಲೋ...’

ಮೇ ತಿಂಗಳ ಒಂದು ದಿನ ಸೂಪರ್ ಮಾರ್ಕೆಟ್ಟಿನಲ್ಲಿ ಇರ್ಮಾ ಸಿಕ್ಕಳು. ಸಿಕ್ಕಳೇನು, ತಳ್ಳುಗಾಡಿ ಅಡ್ಡ ಇಟ್ಟು ದಾರಿಯನ್ನೇ ಕಟ್ಟಿದಳು.

"ಹೊಸ ಟೀಚರ್ ಚೆನ್ನಾಗಿಲ್ಲ. ನಗೋದೇ ಇಲ್ಲ."

"ಹೌದಾ?"

"ಕೇಳ್ಬೇಕು ಅನ್ನಿಸಿದ್ದನ್ನ ಕೇಳು ಹುಡುಗಿ. ನನ್ನ ಐಸ್‌ಕ್ರೀಮ್ ಕರಗ್ತಾ ಇದೆ."

ಬರ್ನಡೆಟ್ ತುಟಿ ಕಚ್ಚಿಕೊಂಡಳು. "...ಬರ್ತಾನಾ?"

"ಒಂದು ಕ್ಲಾಸೂ ಬಿಟ್ಟಿಲ್ಲ. ಈಗ ಆ ತುದಿಯಿಂದ ಈ ತುದಿಗೆ ಈಜ್ತಾನೆ, ಒಳ್ಳೆ ಎಮ್ಮೆ ಹಾಗೆ. ನಿನ್ನ ಬಗ್ಗೆ ಒಂದು ಮಾತೂ ಕೇಳಲ್ಲ. ಆದ್ರೆ ಬಾಗಿಲು ಕಿರ್ ಅಂದಾಗಲೆಲ್ಲ ತಿರುಗಿ ನೋಡ್ತಾನೆ. ನೋಡಿ ನೀರು ಕುಡೀತಾನೆ, ಪಾಪ!"

ಇರ್ಮಾಳ ಮಾತುಗಳನ್ನು ಬರ್ನಡೆಟ್ ಒಂದೊಂದಾಗಿ ಜೋಡಿಸಿದಳು. ಓಡಿಹೋಗಿಲ್ಲ... ಊರಲ್ಲೇ ಇದ್ದಾನೆ... ತಾನಿಲ್ಲದಿದ್ದರೂ ಈಜು ಬಿಟ್ಟಿಲ್ಲ...

ಆ ಸಂಜೆ ಪಾತ್ರೆ ಒರೆಸುತ್ತಿದ್ದ ಟೆಸ್ಸಾಗೆ ಎಲ್ಲವನ್ನೂ ಹೇಳಿದಳು. ಕೊನೆಗೆ ಮಗಳು ಒರೆಸುವ ಬಟ್ಟೆಯನ್ನು ಭುಜಕ್ಕೆ ಹಾಕಿಕೊಂಡಳು.

"ಅಮ್ಮಾ, ಅಪ್ಪ ಹೋದಾಗ ನಮ್ಮನ್ನ ಬಿಟ್ಟು ಹೋದ. ಇವರು ಏನನ್ನ ಬಿಟ್ರು?"

"ಕೆಲಸ..."

"ಒಂದು ಕುರ್ಚಿ. ಅಷ್ಟೇ ತಾನೇ? ಎಲ್ಲಿಗೂ ಹೋಗಿಲ್ಲ. ಯಾರನ್ನೂ ಬಿಟ್ಟಿಲ್ಲ. ಬಿಟ್ಟು ಬಂದಿದ್ದು ನೀನು!"

"ಟೆಸ್ಸಾ!"

"ಕೋಪ ಮಾಡ್ಕೋ ಬರ್ನಿ, ಪರವಾಗಿಲ್ಲ. ಕಿಟಕಿ ಹತ್ರ ಕೂತು ಕಾದವಳು ನಾನು. ನನಗೇ ಅವರ ಮೇಲೆ ಸಿಟ್ಟಿಲ್ಲ. ನಿನಗ್ಯಾಕೆ ಇಷ್ಟೊಂದು?"

ಬರ್ನಡೆಟ್ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಅಳು ಕೇಳಿಸಬಾರದೆಂದು. ಕೇಳಿಸಿತು. ಮಗಳು ಹಿಂದಿನಿಂದ ಬಂದು ತಬ್ಬಿಕೊಂಡಳು.

ಆದರೂ ಫೋನು ಮಾಡುವ ಧೈರ್ಯ ಬರಲಿಲ್ಲ. ಕೈಗೆತ್ತಿಕೊಳ್ಳುವಳು, ಕೆಳಗಿಡುವಳು. ಏನೆಂದು ಶುರು ಮಾಡುವುದು? ಎರಡು ತಿಂಗಳ ಮೌನವನ್ನು ಯಾವ ಮಾತಿನಿಂದ ಮುರಿಯುವುದು?

* * *

ಶಾಲೆಗೆ ರಜೆ ಬಂದಿತ್ತು. ಜೂನ್ ತಿಂಗಳ ಬಿಸಿಲಿನ ಬೆಳಿಗ್ಗೆ ಬರ್ನಡೆಟ್ ನದಿಯ ಮೇಲಿನ ಹಳೆಯ ಹಳದಿ ಸೇತುವೆಯಲ್ಲಿ ಸಿಕ್ಕಿಬಿದ್ದಿದ್ದಳು. ಒಂದು ಸಾಲು ಮುಚ್ಚಿ ರಿಪೇರಿ ನಡೆಸಿದ್ದರು. ಕಾರುಗಳು ಇರುವೆಯಂತೆ ತೆವಳುತ್ತಿದ್ದವು.

‘ಯಾವಾಗ ನೋಡಿದ್ರೂ ರಿಪೇರಿ! ಯಾರು ಇವರನ್ನೆಲ್ಲ...’

ದಾರಿಗೆ ಅಡ್ಡವಿಟ್ಟ ಕಿತ್ತಳೆ ಬಣ್ಣದ ಶಂಕುಗಳ ಆಚೆ, ಕ್ರೇನಿನ ತೊಟ್ಟಿಯಲ್ಲಿ ನಿಂತ ಒಬ್ಬ ಮನುಷ್ಯ ಸೇತುವೆಯ ಕಮಾನಿಗೆ ಕಿವಿಗೊಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದ. ಬಡಿದು, ಆಲಿಸಿ, ಕೆಳಗಿದ್ದವರಿಗೆ ಏನೋ ಕೂಗಿದ. ಅವರು ಏನೋ ತಮಾಷೆ ಮಾಡಿದರು. ಅವನು ತಲೆ ಹಿಂದಕ್ಕೆ ಚೆಲ್ಲಿ ನಕ್ಕ.

ಒಂದು ಕಡೆಯಿಂದ ಶುರುವಾಗಿ ತಡವಾಗಿ ಮುಖಕ್ಕೆಲ್ಲ ಹರಡುವ ನಗು!

ಬರ್ನಡೆಟ್‌ಳ ಕಾಲು ತಾನಾಗಿ ಬ್ರೇಕು ಒತ್ತಿತು.

ಹಿಂದಿನ ಟ್ರಕ್ಕಿನವನು ಹಾರ್ನ್ ಮಾಡಿದ. ಅವಳು ಕದಲಲಿಲ್ಲ. ಅವನ ಹಿಂದಿನವನೂ ಮಾಡಿದ. ಆಮೇಲೆ ಇಡೀ ಸೇತುವೆಯೇ ಅರಚಿತು.

"ಅಮ್ಮಾ, ಹೋಗ್ರೀ! ಜಾಗ ಇದೆಯಲ್ಲ ಮುಂದೆ!" ವಾಹನ ಬಿಡಲು ಬಾವುಟ ಹಿಡಿದು ನಿಂತಿದ್ದ ಹೆಂಗಸು ಓಡಿ ಬಂದಳು.

ಬರ್ನಡೆಟ್ ಕಿಟಕಿ ಇಳಿಸಿದಳು. ಮನಸ್ಸು ಬದಲಾಗುವ ಮೊದಲೇ ತಲೆ ಹೊರಗೆ ಹಾಕಿದಳು.

"ಕಾನ್ರಾಡ್!"

ಅವನು ತಿರುಗಿದ. ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು.

"ಊಟಕ್ಕೆ ಯಾವಾಗ ಬಿಡ್ತಾರೆ ನಿನ್ನ?" ಹಾರ್ನುಗಳ ಮೇಲೆ ಕೂಗಿದಳು.

"ಏನು?"

"ಊಟಕ್ಕೆ! ಯಾವಾಗ?"

"ಮಧ್ಯಾಹ್ನ!" ಅವನೂ ಕೂಗಿದ. "ಹನ್ನೆರಡಕ್ಕೆ! ಇಲ್ಲ... ಈಗ ಬೇಕಾದ್ರೂ!"

"ಈಗಲ್ಲ ಮಾರಾಯಾ!" ಟ್ರಕ್ಕಿನವನು ಕಿಟಕಿಯಿಂದ ಅಬ್ಬರಿಸಿದ. "ಹನ್ನೆರಡಕ್ಕೇ ಆಗಲಿ! ಈಗ ಆ ಯಮ್ಮನ್ನ ಮುಂದಕ್ಕೆ ಕಳ್ಸು!"

* * *

ಸೇತುವೆಯ ಕೆಳಗೆ, ನದಿದಂಡೆಯ ಬೆಂಚು. ಬರ್ನಡೆಟ್ ಎರಡು ಸ್ಯಾಂಡ್‌ವಿಚ್ ತಂದಿದ್ದಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಕಾನ್ರಾಡನ ಮುಖ ಬಿಸಿಲಿಗೆ ಕಂದಿತ್ತು, ಉಗುರಿನ ಸಂದಿಯಲ್ಲಿ ತುಕ್ಕು.

"ನೀನು ಕಂಪನಿ ಬಿಟ್ಟೆ ಅಂದುಕೊಂಡಿದ್ದೆ," ಎಂದಳು.

"ಬಿಟ್ಟಿಲ್ಲ. ಕೆಳಗಿಳಿದೆ." ಅವನು ಸ್ಯಾಂಡ್‌ವಿಚ್ಚಿನ ಕಾಗದವನ್ನು ಮಡಿಸುತ್ತ, ಬಿಡಿಸುತ್ತ ಕೂತ. "ಅಧ್ಯಕ್ಷ ಆದ್ರೆ ನಾನು ಮಾಡಬೇಕಾಗಿದ್ದ ಮೊದಲ ಕೆಲಸ ಹಳೇ ಸೇತುವೆಗಳ ರಿಪೇರಿ ವಿಭಾಗ ಮುಚ್ಚೋದು. ಲಾಭ ಇಲ್ಲ ಅಂತ. ಅಲ್ಲಿರೋರ ಜೊತೆ ನಾನು ಕೆಲಸ ಕಲ್ತಿದ್ದು ಬರ್ನಡೆಟ್. ಅವರನ್ನ ಮನೆಗೆ ಕಳಿಸೋ ಕಾಗದಕ್ಕೆ ಸಹಿ ಹಾಕಬೇಕಿತ್ತು. ‘ಕುರ್ಚಿ ಬೇಡ, ಆ ವಿಭಾಗ ನನಗೆ ಕೊಡಿ, ಎರಡು ವರ್ಷ ಟೈಮ್ ಕೊಡಿ’ ಅಂದೆ. ಒಪ್ಪಿದ್ರು. ಹುಚ್ಚ ಅಂದುಕೊಂಡು ಒಪ್ಪಿದ್ರು."

ಅವಳು ತಲೆಯೆತ್ತಿ ಸೇತುವೆಯತ್ತ ನೋಡಿದಳು.

"ಇನ್ನೊಂದು ಮಾತು. ಆ ವಿಭಾಗ ನನಗೆ ಕೊಡಿ ಅಂತ ಹೋದ ಬೇಸಿಗೇಲೇ ಒಮ್ಮೆ ಕೇಳಿದ್ದೆ. ನಿನ್ನ ನೋಡೋದಕ್ಕಿಂತ ಎಷ್ಟೋ ಮೊದಲು. ಎಲ್ಲರೂ ನಕ್ಕರು. ನಾನೂ ಅವರ ಜೊತೆ ನಕ್ಕು, ತಮಾಷೆ ಮಾಡಿದೆ ಅಂತ ತೇಲಿಸಿಬಿಟ್ಟೆ. ಅವತ್ತಿಂದಲೇ ಕಾರಿಂದ ಇಳಿಯೋಕೆ ಆಗದೇ ಹೋಗಿದ್ದು."

"ಮತ್ತೆ ‘ನಿನ್ನಿಂದಲೇ’ ಅಂದೆಯಲ್ಲ ಚರ್ಚಿನ ಹತ್ರ?"

"ನಿನಗೆ ಖುಷಿಯಾಗುತ್ತೆ ಅಂದ್ಕೊಂಡೆ. ಎಂಥ ದಡ್ಡ ನಾನು! ನಿನ್ನ ತಲೆ ಮೇಲೆ ಅಷ್ಟು ದೊಡ್ಡ ಭಾರ ಇಟ್ಟು, ಅದನ್ನ ಪ್ರೀತಿ ಅಂದೆ." ಅವನು ತಲೆ ತಗ್ಗಿಸಿದ. "ಹೇಳದೇ ಮುಚ್ಚಿಟ್ಟಿದ್ದೂ ತಪ್ಪೇ. ನೀನೂ ನಕ್ಕುಬಿಟ್ರೆ ಅಂತ ಹೆದರಿದೆ."

"ನಾನು ನಗ್ತಿದ್ನಾ ಕಾನ್ರಾಡ್?"

"ಇಲ್ಲ. ಅದು ಗೊತ್ತಿರಬೇಕಿತ್ತು ನನಗೆ."

ದೋಣಿಯೊಂದು ಕಲ್ಲಿದ್ದಲು ತುಂಬಿದ ದೋಣಿಗಳ ಸಾಲನ್ನು ನಿಧಾನವಾಗಿ ತಳ್ಳುತ್ತ ಹೋಯಿತು. ಅದರ ಅಲೆಗಳು ಬಂದು ದಡಕ್ಕೆ ಬಡಿದವು.

"ಖುಷಿಯಾಗಿದ್ದೀಯಾ ಈಗ?" ಬರ್ನಡೆಟ್ ಮೆಲ್ಲಗೆ ಕೇಳಿದಳು. ಈ ಪ್ರಶ್ನೆಯ ಉತ್ತರಕ್ಕೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ.

ಅವನು ಯೋಚಿಸಿದ. ಅವನು ಯೋಚಿಸಿದ್ದೇ ಅವಳಿಗೆ ಸಮಾಧಾನ ತಂದಿತು.

"ಎಲ್ಲಾ ದಿನ ಇಲ್ಲ. ಮೊನ್ನೆ ಇಡೀ ದಿನ ಮಳೇಲಿ ಪಾರಿವಾಳದ ಹಿಕ್ಕೆ ಕೆರೆದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕೋಳು, ಸೈಟಿನ ಮೇಸ್ತ್ರಿ, ಬಂದು ‘ಸರಿಯಾಗಿ ಕೆರೀರಿ’ ಅಂತ ಬೈದ್ಲು. ಸೊಂಟ ನೋವು. ಸಂಬಳ ಅರ್ಧ, ನದಿ ಕಾಣೋ ಮನೆ ಮಾರೋಕೆ ಇಟ್ಟಿದ್ದೀನಿ. ಎರಡು ವರ್ಷದಲ್ಲಿ ಈ ವಿಭಾಗ ನಿಲ್ಲದೇ ಹೋದ್ರೆ ಏನ್ಮಾಡ್ತೀನೋ ಗೊತ್ತಿಲ್ಲ." ಕೈಯಲ್ಲಿದ್ದ ಕಾಗದವನ್ನು ಮುದ್ದೆ ಮಾಡಿದ. "ಆದ್ರೆ ಬೆಳಿಗ್ಗೆ ಕಾರಿಂದ ಇಳೀತೀನಿ ಬರ್ನಡೆಟ್. ಬಾಗಿಲು ತೆಗೆದು ಇಳೀತೀನಿ ಅಷ್ಟೇ. ಅಂಥಾದ್ದೇನಿಲ್ಲ..."

"ಅಂಥಾದ್ದೇ ಅದು!" ಅವಳ ಕಣ್ಣು ತುಂಬಿ ಬಂತು.

ನಡುವಿದ್ದ ಜಾಗವನ್ನು ಅವಳೇ ದಾಟಿದಳು. ತುಕ್ಕು ಮೆತ್ತಿದ ಅವನ ಬೆರಳುಗಳನ್ನು ತನ್ನ ಬೆರಳುಗಳ ನಡುವೆ ಸೇರಿಸಿಕೊಂಡಳು.

"ನಾನೂ ತಪ್ಪು ಮಾಡಿದೆ. ಡೇಲ್ ಮೇಲಿನ ಸಿಟ್ಟಿಗೆ ನಿನ್ನ ಮಾತನ್ನ ಅರ್ಧಕ್ಕೇ ಕತ್ತರಿಸಿದೆ. ಒಂಬತ್ತು ವರ್ಷದಿಂದ ಕೂಡಿಟ್ಟಿದ್ದ ಬೈಗುಳ ಕಣೋ... ವಿಳಾಸ ತಪ್ಪಿ ನಿನಗೆ ಬಂತು."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

"ಬರ್ನಿ ಅನ್ನಬಹುದಾ ಈಗ?"

"ಇಷ್ಟು ಹೊತ್ತು ಅನ್ನದೇ ಇದ್ದಿದ್ದಕ್ಕೇ ಕೋಪ ಬಂದಿದೆ."

ಮೇಲಿನಿಂದ ಯಾರೋ ಶಿಳ್ಳೆ ಹೊಡೆದರು. ಸೇತುವೆಯ ಕಟಕಟೆಗೆ ಒರಗಿ ಅವನ ಜೊತೆಯವರೆಲ್ಲ ಸಾಲಾಗಿ ನಿಂತು ಊಟ ಮಾಡುತ್ತಿದ್ದರು. ಬಾವುಟದ ಹೆಂಗಸಂತೂ ಬಾವುಟವನ್ನೇ ಬೀಸಿದಳು!

ಬರ್ನಡೆಟ್ ನಾಚಿ ಅವನ ಭುಜದಲ್ಲಿ ಮುಖ ಹುದುಗಿಸಿದಳು.

"ಭಾನುವಾರ ಊಟಕ್ಕೆ ಬಾ. ಟೆಸ್ಸಾ ಇರ್ತಾಳೆ. ಹುಷಾರು, ಅವಳು ಪ್ರಶ್ನೆ ಕೇಳ್ತಾಳೆ."

"ಎಂಥ ಪ್ರಶ್ನೆ?"

"ನಮ್ಮಮ್ಮನ್ನ ಪ್ರೀತಿಸ್ತೀರಾ ಅಂತ. ಅವಳಿಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ."

"ಉತ್ತರ ಭಾನುವಾರದವರೆಗೂ ಇಟ್ಕೊಳ್ಳಲಾ?"

ಬರ್ನಡೆಟ್ ಮುಖವೆತ್ತಿದಳು. "ಬೇಡ. ಈಗಲೇ ಹೇಳು. ಅಭ್ಯಾಸ ಆಗಲಿ."

ಅವನು ಬಾಗಿ ಅವಳ ಕಿವಿಯಲ್ಲಿ ಹೇಳಿದ. ಅದೇ ಹೊತ್ತಿಗೆ ಸೇತುವೆಯ ಮೇಲೆ ದೊಡ್ಡ ಲಾರಿಯೊಂದು ಗಡಗಡಿಸಿ ಹೋಯಿತು.

"ಇನ್ನೊಂದು ಸಲ ಹೇಳು," ಎಂದಳು ಬರ್ನಡೆಟ್. "ಲಾರಿ ಸದ್ದಿಗೆ ಕೇಳಿಸಲಿಲ್ಲ."

"ಸುಳ್ಳು. ಕೇಳಿಸಿದೆ ನಿನಗೆ."

"ಕೇಳಿಸಿತು..." ಅವಳು ಕಣ್ಣು ಮುಚ್ಚಿಕೊಂಡಳು. "ಆದ್ರೂ ಹೇಳು."